ಬೈಬಲ್ ತಂತ್ರಾಂಶ: ಕೊಡುವವರ ಶ್ರಮ, ಪಡೆಯುವವರ ಹೊಣೆ

೨೦೨೫ರ ಸೆಪ್ಟೆಂಬರ್ ೭ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಕಾರ್ಲೊ ಅಕ್ಯುಟಿಸ್ ಅವರನ್ನು ಸಂತರೆಂದು ಘೋಷಿಸಿದಾಗ ಕತೋಲಿಕ ಕುಟುಂಬಗಳು ಸಂಭ್ರಮಪಟ್ಟದ್ದು ಸಹಜವೇ. ೧೯೯೧ರಲ್ಲಿ ಹುಟ್ಟಿ ೨೦೦೬ರಲ್ಲಿ, ಹದಿನೈದರ ಎಳೆಯ ಪ್ರಾಯದಲ್ಲೇ, ರಕ್ತದ ಕ್ಯಾನ್ಸರಿಗೆ ತುತ್ತಾದ ಇವರು ಗಣಕಯಂತ್ರದ ಕೌಶಲವನ್ನು ಬಹುಮಟ್ಟಿಗೆ ತಾವೇ ಕಲಿತು, ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ಅಂತರಜಾಲದ ಮೂಲಕ ಲೋಕದ ಮುಂದಿಟ್ಟವರು. ಈ ಸಂತರ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕುವುದು ಸುಲಭ. ಅವರಂತೆಯೇ ತಮ್ಮ ವಿದ್ಯೆಯನ್ನು ದೇವರ ವಾಕ್ಯದ ಸೇವೆಗೆ ಮುಡಿಪಾಗಿಟ್ಟು, ರಾತ್ರಿಯ ನಿದ್ದೆಗೆಟ್ಟು ದುಡಿಯುತ್ತಿರುವ ತಂತ್ರಾಂಶಕಾರರು ಇಂದೂ ಇದ್ದಾರೆ. ಅವರನ್ನು ನಾವು ಗುರುತಿಸಿದ್ದೇವೆಯೇ? ಈ ವಾರ ನಾವು ವಿಚಾರ ಮಾಡಬೇಕಾದ ಪ್ರಶ್ನೆ ಇದು.

ಇಂದು ಅನೇಕ ಮನೆಗಳಲ್ಲಿ ಬೈಬಲನ್ನು ತೆರೆಯುವುದೆಂದರೆ ಮೊಬೈಲನ್ನು ತೆರೆಯುವುದೆಂದೇ ಆಗಿದೆ. ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ವಚನವನ್ನು ಹುಡುಕುವುದೂ ಅದರಲ್ಲೇ, ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಹಿರಿಯರು ಶುಭಸಂದೇಶವನ್ನು ಓದುವುದೂ ಅದರಲ್ಲೇ. ಅದು ಎಲ್ಲಿಂದ ಬಂತು, ಯಾರು ರಚಿಸಿದರು, ಅದರಲ್ಲಿ ಏನಿದೆ, ಏನಿಲ್ಲ ಎಂದು ಕೇಳುವವರು ವಿರಳ. ಹಣ ಕೊಡದೆ ದೊರೆತ ವಸ್ತುವಿನ ಬಗ್ಗೆ ಪ್ರಶ್ನೆಗಳೇ ಹುಟ್ಟದಿರುವುದು ಮನುಷ್ಯ ಸ್ವಭಾವ.

ಹಳೆಯ ಹಂಬಲ, ಹೊಸ ಸಾಧನ

ಬೈಬಲ್ ಅಧ್ಯಯನದ ತಂತ್ರಾಂಶವೆಂದರೆ ಬೈಬಲಿನ ಪಠ್ಯವನ್ನು ತೆರೆಯ ಮೇಲೆ ತೋರಿಸುವ ಉಪಕರಣ ಮಾತ್ರವಲ್ಲ. ಒಂದು ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣಮಾತ್ರದಲ್ಲಿ ಹುಡುಕಿಕೊಡುವುದು, ಎರಡು ಮೂರು ಅನುವಾದಗಳನ್ನು ಅಕ್ಕಪಕ್ಕದಲ್ಲಿಡುವುದು, ಹೀಬ್ರೂ ಮತ್ತು ಗ್ರೀಕ್ ಮೂಲಪದದ ಅರ್ಥವನ್ನು ತೋರಿಸುವುದು, ಓದುಗನ ಟಿಪ್ಪಣಿಗಳನ್ನು ಕಾಪಾಡುವುದು ಅದರ ಕೆಲಸ. ಈ ಹಂಬಲ ಗಣಕಯಂತ್ರಕ್ಕಿಂತ ಬಹಳ ಹಿಂದಿನದು. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ದೊಮಿನಿಕ ಸಭೆಯ ಗುರು ಸಂತ ಶೇರ್‌ನ ಹ್ಯೂ ಅವರ ಮುಂದಾಳುತನದಲ್ಲಿ ಅನೇಕ ಸಹೋದರರು ಸೇರಿ ಲತೀನ್ ಬೈಬಲಿಗೆ ಪದಾನುಕ್ರಮಣಿಕೆಯನ್ನು ಸಿದ್ಧಪಡಿಸಿದರು. ೧೮೯೦ರಲ್ಲಿ ಅಮೆರಿಕದ ಜೇಮ್ಸ್ ಸ್ಟ್ರಾಂಗ್ ಅವರು ಇಂಗ್ಲಿಷ್ ಬೈಬಲಿನ ಪದಾನುಕ್ರಮಣಿಕೆಯನ್ನು ಪ್ರಕಟಿಸಿ, ಹೀಬ್ರೂ ಪದಗಳಿಗೆ ೮೬೭೪ರವರೆಗೂ ಗ್ರೀಕ್ ಪದಗಳಿಗೆ ೫೬೨೪ರವರೆಗೂ ಸಂಖ್ಯೆಗಳನ್ನು ಕೊಟ್ಟರು. ಇಂದಿನ ಅನೇಕ ಬೈಬಲ್ ತಂತ್ರಾಂಶಗಳು ಆ ಸಂಖ್ಯೆಗಳನ್ನೇ ಆಧರಿಸಿ ನಡೆಯುತ್ತವೆ.

ಗಣಕಯಂತ್ರವನ್ನು ಇಂಥ ಕೆಲಸಕ್ಕೆ ತೊಡಗಿಸಿದವರಲ್ಲಿ ಮೊದಲಿಗರು ಒಬ್ಬ ಕತೋಲಿಕ ಗುರು ಎಂಬುದು ನಮಗೆ ಅಭಿಮಾನದ ಸಂಗತಿ. ಇಟಲಿಯ ಯೇಸುಸಭೆಯ ರೊಬೆರ್ತೊ ಬುಸಾ ಅವರು ೧೯೪೯ರಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡು, ಸಂತ ತೋಮಸ್ ಅಕ್ವಿನಾಸರ ಸಮಗ್ರ ಬರಹಗಳ ಪದಾನುಕ್ರಮಣಿಕೆಗೆ ಯಂತ್ರಸಹಾಯವನ್ನು ಬೇಡಿದರು. ಕೋಟಿ ಶಬ್ದಗಳಷ್ಟು ವಿಸ್ತಾರವಾದ ಆ ಪಠ್ಯರಾಶಿಯ ಅನುಕ್ರಮಣಿಕೆ ೧೯೮೦ರ ಹೊತ್ತಿಗೆ ೫೬ ಸಂಪುಟಗಳಲ್ಲಿ ಪೂರ್ಣಗೊಂಡಿತು. ಆದರೆ ಆ ಶಬ್ದಗಳನ್ನು ರಂಧ್ರಪತ್ರಗಳಿಗೆ ಒಂದೊಂದಾಗಿ ಇಳಿಸಿದವರಲ್ಲಿ ಹೆಚ್ಚಿನವರು ಗಲ್ಲರಾತೆ ಪಟ್ಟಣದಲ್ಲಿ ತರಬೇತಿ ಪಡೆದ ತರುಣಿಯರು. ಬುಸಾ ಅವರ ಹೆಸರು ಲೋಕವಿಖ್ಯಾತವಾಯಿತು. ಆ ಹೆಣ್ಣುಮಕ್ಕಳ ಹೆಸರುಗಳನ್ನು ಇತಿಹಾಸಕಾರರು ಹುಡುಕಿ ತೆಗೆಯತೊಡಗಿದ್ದು ತೀರಾ ಈಚೆಗೆ. ಪವಿತ್ರ ಕಾರ್ಯದ ಹಿಂದಿನ ಬೆವರು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಒಂಟಿ ದುಡಿಮೆಯ ಫಲ

ವೈಯಕ್ತಿಕ ಗಣಕಯಂತ್ರಗಳು ಮನೆಗೆ ಬಂದ ಮೇಲೆ ಈ ಕಾರ್ಯ ಮಠಗಳಿಂದಲೂ ವಿಶ್ವವಿದ್ಯಾನಿಲಯಗಳಿಂದಲೂ ಹೊರಬಂದು, ಸ್ವತಂತ್ರ ತಂತ್ರಾಂಶಕಾರರ ಕೈಸೇರಿತು. ೨೦೦೦ದಲ್ಲಿ ಅಮೆರಿಕದ ರಿಕ್ ಮೇಯರ್ಸ್ ಅವರು ‘ಇ-ಸ್ವೋರ್ಡ್’ ತಂತ್ರಾಂಶವನ್ನು ಬಿಡುಗಡೆ ಮಾಡಿ, ವಿಂಡೋಸ್ ಗಣಕಗಳಿಗೆ ಅದನ್ನು ಉಚಿತವಾಗಿ ಕೊಡುತ್ತ ಬಂದರು. ಕೃತಿಸ್ವಾಮ್ಯವಿರುವ ಅನುವಾದಗಳಿಗೆ ಮಾತ್ರ ಬೆಲೆಯುಂಟು. ಗ್ರೀಸ್ ದೇಶದ ತಂತ್ರಾಂಶಕಾರರೊಬ್ಬರು ‘ದಿ ವರ್ಡ್’ ಎಂಬುದನ್ನು ರಚಿಸಿ ಹಾಗೆಯೇ ಹಂಚಿದರು. ‘ಕ್ರಾಸ್‌ವೈರ್’ ಎಂಬ ಸ್ವಯಂಸೇವಕರ ಬಳಗವು ‘ಸ್ವೋರ್ಡ್’ ಯೋಜನೆಯನ್ನು ಆರಂಭಿಸಿ, ತಂತ್ರಾಂಶದ ಮೂಲ ಸಂಕೇತಗಳನ್ನೇ ಎಲ್ಲರಿಗೂ ತೆರೆದಿಟ್ಟಿತು. ಆ ತಳಹದಿಯ ಮೇಲೆ ಬೇರೆ ಬೇರೆ ದೇಶಗಳವರು ‘ಕ್ಸಿಫೋಸ್’, ‘ಬೈಬಲ್ ಟೈಮ್’, ‘ಆ್ಯಂಡ್ ಬೈಬಲ್’ ಮುಂತಾದವುಗಳನ್ನು ಕಟ್ಟಿದರು.

ಹೀಗೆ ಮೂಲವನ್ನು ತೆರೆದಿಡುವುದರ ಬೆಲೆ ಏನೆಂಬುದನ್ನು ೨೦೧೮ ನಮಗೆ ಕಲಿಸಿತು. ೧೯೯೦ರ ದಶಕದಿಂದ ಗುರುಮಠಗಳಲ್ಲೂ ವಿದ್ವಾಂಸರಲ್ಲೂ ಮನ್ನಣೆ ಪಡೆದಿದ್ದ ‘ಬೈಬಲ್ ವರ್ಕ್ಸ್’ ಆ ವರ್ಷದ ಜೂನ್ ತಿಂಗಳಲ್ಲಿ ತನ್ನ ಕಾರ್ಯವನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಬಳಿ ಪ್ರತಿ ಉಳಿಯಿತು. ಅದನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಬೆಳೆಸುವ ಕೈ ಉಳಿಯಲಿಲ್ಲ. ಮೂಲವನ್ನು ತೆರೆದಿಟ್ಟ ತಂತ್ರಾಂಶಗಳಲ್ಲಾದರೋ ಒಬ್ಬನು ದಣಿದು ಹಿಂದೆ ಸರಿದಾಗ ಇನ್ನೊಬ್ಬನು ನೊಗಕ್ಕೆ ಹೆಗಲು ಕೊಡಬಹುದು.

ತಂತ್ರಾಂಶವನ್ನು ಬಿಡುಗಡೆ ಮಾಡುವುದೆಂದರೆ ಪುಸ್ತಕವನ್ನು ಮುದ್ರಿಸಿ ಕೈತೊಳೆದುಕೊಂಡಂತಲ್ಲ. ಮೊಬೈಲಿನ ಕಾರ್ಯವ್ಯವಸ್ಥೆ ಬದಲಾದಾಗಲೆಲ್ಲ ಅದನ್ನು ತಿದ್ದಬೇಕು. ಬಳಕೆದಾರರ ದೂರುಗಳಿಗೆ ಉತ್ತರಿಸಬೇಕು. ತಪ್ಪಾಗಿ ಅಚ್ಚಾದ ಒಂದು ವಚನವನ್ನು ಸರಿಪಡಿಸಲು ಇಡೀ ಕಡತವನ್ನು ಪರೀಕ್ಷಿಸಬೇಕು. ಆಪಲ್ ಸಂಸ್ಥೆಯ ಮಳಿಗೆಯಲ್ಲಿ ಆ್ಯಪನ್ನು ಇಡಲು ರಚನಕಾರನು ಸಾಮಾನ್ಯವಾಗಿ ವರ್ಷಕ್ಕೆ ೯೯ ಡಾಲರುಗಳನ್ನು ತೆರಬೇಕು. ಗೂಗಲ್ ಮಳಿಗೆಗೆ ಒಮ್ಮೆ ೨೫ ಡಾಲರು. ಹಗಲು ಹೊಟ್ಟೆಪಾಡಿನ ಉದ್ಯೋಗ, ರಾತ್ರಿ ಈ ಸೇವೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಆ ರಾತ್ರಿಗಳು ಅವರ ಪಾಲಿನಿಂದಲೇ ಕಡಿತವಾಗುವ ಹೊತ್ತು.

ಪಾತ್ರೆಯ ಆಕಾರ

ಇಲ್ಲಿ ಕತೋಲಿಕ ಕುಟುಂಬಗಳು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಮೇಲೆ ಹೇಳಿದ ತಂತ್ರಾಂಶಗಳ ಹಿಂದಿನ ಶ್ರಮ ಬಹುಪಾಲು ಪ್ರೊಟೆಸ್ಟಂಟ್ ಸಹೋದರರದು. ಅವರ ಬೈಬಲಿನಲ್ಲಿ ೬೬ ಗ್ರಂಥಗಳಿವೆ, ನಮ್ಮದರಲ್ಲಿ ೭೩. ತೋಬಿತ, ಯೂದಿತ, ಸುಜ್ಞಾನ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಗ್ರಂಥಗಳನ್ನು ೧೫೪೬ರಲ್ಲಿ ಟ್ರೆಂಟ್ ಮಹಾಸಭೆ ತನ್ನ ಪಟ್ಟಿಯಲ್ಲಿ ದೃಢಪಡಿಸಿತು. ದಾನಿಯೇಲನ ಗ್ರಂಥದಲ್ಲಿ ನಮಗೆ ಹದಿನಾಲ್ಕು ಅಧ್ಯಾಯಗಳು, ಅವರಿಗೆ ಹನ್ನೆರಡು. ಅದರ ಮೂರನೆಯ ಅಧ್ಯಾಯದಲ್ಲಿ ನಮಗೆ ೧೦೦ ವಚನಗಳು, ಕಿಂಗ್ ಜೇಮ್ಸ್ ಆವೃತ್ತಿಯಲ್ಲಿ ೩೦. ಲತೀನ್ ಸಂಪ್ರದಾಯದ ೨೨ನೆಯ ಕೀರ್ತನೆ ಹೀಬ್ರೂ ಎಣಿಕೆಯಲ್ಲಿ ೨೩ನೆಯದು.

ತಂತ್ರಾಂಶಕಾರನು ಮೊದಲು ನಿರ್ಮಿಸುವುದು ಗ್ರಂಥ, ಅಧ್ಯಾಯ, ವಚನಗಳ ಒಂದು ಕೋಷ್ಟಕವನ್ನು. ಎಲ್ಲ ಪಠ್ಯವೂ ಆ ಕೋಷ್ಟಕದ ಕೋಣೆಗಳಲ್ಲಿ ಹೋಗಿ ಕೂರಬೇಕು. ಕೋಷ್ಟಕವು ೬೬ ಗ್ರಂಥಗಳ ಅಳತೆಗೆ ಮಾಡಿದ್ದಾದರೆ, ಉಳಿದ ಏಳಕ್ಕೆ ಅಲ್ಲಿ ಜಾಗವೇ ಇಲ್ಲ. ‘ಸ್ವೋರ್ಡ್’ ಯೋಜನೆಯೂ ಮೊದಲಿಗೆ ಕಿಂಗ್ ಜೇಮ್ಸ್ ಆವೃತ್ತಿಯ ಎಣಿಕೆಗೇ ಕಟ್ಟುಬಿದ್ದಿತ್ತು. ಮುಂದೆ ಸ್ವಯಂಸೇವಕರೇ ಶ್ರಮಿಸಿ ಲತೀನ್ ಹಾಗೂ ಕತೋಲಿಕ ಎಣಿಕೆಗಳಿಗೂ ಎಡೆಮಾಡಿಕೊಟ್ಟರು. ಸ್ವೀಕೃತವಾದುದೆಲ್ಲವೂ ಸ್ವೀಕರಿಸುವ ಪಾತ್ರೆಯ ರೀತಿಗೆ ತಕ್ಕಂತೆ ಸ್ವೀಕೃತವಾಗುತ್ತದೆ ಎಂಬುದು ಸಂತ ತೋಮಸರ ಪಂಥದ ತತ್ತ್ವಜ್ಞಾನಿಗಳು ಮತ್ತೆ ಮತ್ತೆ ಹೇಳುವ ಸೂತ್ರ. ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆದುದರಿಂದ ಈ ಕೊರತೆಯಲ್ಲಿ ಯಾರ ದ್ವೇಷವನ್ನೂ ಹುಡುಕಬೇಕಾಗಿಲ್ಲ. ತಮ್ಮ ಮನೆಯವರಿಗಾಗಿ ಅಡಿಗೆ ಮಾಡಿದವರು ನೆರೆಯವರಿಗೂ ಬಡಿಸಿದ್ದಾರೆ. ನಮ್ಮ ಮನೆಯ ಒಲೆಯನ್ನು ಹಚ್ಚಬೇಕಾದವರು ನಾವು.

ಈ ಕೊರತೆ ಸಣ್ಣದೆಂದು ಯಾರೂ ಭಾವಿಸಬಾರದು. ನವೆಂಬರ್ ೨ರಂದು ಸಮಸ್ತ ಮೃತರ ಸ್ಮರಣೆಯ ದಿನ ಮಗುವೊಂದು, ಸತ್ತವರಿಗಾಗಿ ಪ್ರಾರ್ಥಿಸುವುದು ಬೈಬಲಿನಲ್ಲಿ ಎಲ್ಲಿದೆ ಎಂದು ಕೇಳಿತೆನ್ನೋಣ. ತಂದೆತಾಯಿ ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ತೆರೆಯಹೋಗುತ್ತಾರೆ; ಮೊಬೈಲಿನಲ್ಲಿ ಆ ಗ್ರಂಥವೇ ಇಲ್ಲ. ವಿವಾಹದ ಬಲಿಪೂಜೆಯಲ್ಲಿ ಓದಬಹುದಾದ ತೋಬಿಯ ಮತ್ತು ಸಾರಳ ಪ್ರಾರ್ಥನೆ ಇಲ್ಲ. ತಂದೆತಾಯಿಯರನ್ನು ಮುಪ್ಪಿನಲ್ಲಿ ಗೌರವಿಸಬೇಕೆಂದು ಬೋಧಿಸುವ, ಪವಿತ್ರ ಕುಟುಂಬದ ಹಬ್ಬದಂದು ನಾವು ಆಲಿಸುವ ಸಿರಾಖನ ಮೂರನೆಯ ಅಧ್ಯಾಯ ಇಲ್ಲ. ಮೊಬೈಲಿನಲ್ಲಿ ಕಾಣದ್ದು ಬೈಬಲಿನಲ್ಲೇ ಇಲ್ಲವೆಂದು ಮಗು ತಿಳಿದರೆ ಆ ತಪ್ಪು ಮಗುವಿನದಲ್ಲ.

ಕನ್ನಡದ ಕಷ್ಟ

ಹಾಗಾದರೆ ಒಬ್ಬ ಕತೋಲಿಕ ಯುವಕ ಕನ್ನಡದಲ್ಲಿ ಇಂಥ ತಂತ್ರಾಂಶವನ್ನು ರಚಿಸಲು ಹೊರಟರೆ ಅವನ ದಾರಿ ಎಂಥದು? ಮೊದಲನೆಯ ತೊಡಕು ಪಠ್ಯದ ಹಕ್ಕು. ಇಂಗ್ಲಿಷಿನ ಹಳೆಯ ದುವೇ-ರೈಮ್ಸ್ ಅನುವಾದವೂ ೧೫೯೨ರ ಕ್ಲೆಮೆಂಟೀನ್ ಲತೀನ್ ಬೈಬಲೂ ಯಾರ ಅನುಮತಿಯನ್ನೂ ಬೇಡದೆ ಬಳಸಬಹುದಾದವು. ಕನ್ನಡದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರಂಥ ಪ್ರೊಟೆಸ್ಟಂಟ್ ಮಿಷನರಿಗಳು ಮಾಡಿದ ಅನುವಾದಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ‘ಇಂಡಿಯನ್ ರಿವೈಸ್ಡ್ ವರ್ಷನ್’ ಹೆಸರಿನ ಇತ್ತೀಚಿನ ಕನ್ನಡ ಪಠ್ಯವೂ ಮುಕ್ತ ಪರವಾನಗಿಯಡಿ ದೊರೆಯುತ್ತದೆ. ಆದರೆ ಅದರಲ್ಲಿರುವುದು ೬೬ ಗ್ರಂಥಗಳು. ನಮ್ಮ ಮನೆಗಳಲ್ಲಿರುವ ಆಧುನಿಕ ಅನುವಾದವು ಕೃತಿಸ್ವಾಮ್ಯದ ರಕ್ಷಣೆಗೆ ಒಳಪಟ್ಟದ್ದು. ೧೯೫೭ರ ಕಾಯಿದೆಯ ಪ್ರಕಾರ ಭಾರತದಲ್ಲಿ ಲೇಖಕನ ಮರಣಾನಂತರ ೬೦ ವರ್ಷಗಳವರೆಗೆ ಆ ಹಕ್ಕು ಉಳಿಯುತ್ತದೆ. ಅನುಮತಿಯಿಲ್ಲದೆ ಪಠ್ಯವನ್ನು ನಕಲು ಮಾಡಿ ಹಂಚುವುದು, ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ನ್ಯಾಯವಲ್ಲ.

ಎರಡನೆಯ ತೊಡಕು ಅಕ್ಷರದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಮುದ್ರಣಾಲಯಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಕಣ್ಣಿಗೆ ಮಾತ್ರ ಕನ್ನಡ. ಗಣಕಕ್ಕೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅವನ್ನು ಪರಿವರ್ತಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನಪಲ್ಲಟವಾಗುತ್ತವೆ; ಸಾಲುಸಾಲನ್ನೂ ಮನುಷ್ಯನೇ ಓದಿ ತಿದ್ದಬೇಕು. ಮೂರನೆಯದು ವ್ಯಾಕರಣದ ತೊಡಕು. ‘ದೇವರು’ ಎಂದು ಹುಡುಕಿದರೆ ‘ದೇವರನ್ನು’, ‘ದೇವರಿಗೆ’, ‘ದೇವರಿಂದ’, ‘ದೇವರೆಂದು’ ಎಂಬ ರೂಪಗಳು ಸಿಗದೆ ಹೋಗುತ್ತವೆ. ಇಂಗ್ಲಿಷಿಗಾಗಿ ಬರೆದ ಹುಡುಕುವ ಕ್ರಮವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಓದುಗನಿಗೆ ಸಿಗುವುದು ಅರ್ಧ ಉತ್ತರ. ವಿಭಕ್ತಿ, ಸಂಧಿಗಳನ್ನು ಬಲ್ಲವರ ನೆರವಿಲ್ಲದೆ ತಂತ್ರಾಂಶಕಾರನೊಬ್ಬನಿಂದಲೇ ಇದು ಆಗದು.

ಇದು ಅಸಾಧ್ಯವೆಂದಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಸ್ವಂತ ಆಸಕ್ತಿಯಿಂದ ರಚಿಸಿ ಉಚಿತವಾಗಿ ನೀಡಿದ ‘ಬರಹ’ ತಂತ್ರಾಂಶವು ಅಸಂಖ್ಯಾತ ಕನ್ನಡಿಗರಿಗೆ ಗಣಕದಲ್ಲಿ ಕನ್ನಡ ಬರೆಯುವುದನ್ನು ಕಲಿಸಿತು. ಮುಂದೆ ಅದರ ಹೊಸ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಒಬ್ಬರ ಶ್ರಮ ಎಷ್ಟು ಕಾಲ ಉಚಿತವಾಗಿ ಹರಿದೀತು?

ಪಠ್ಯ, ಸಾಧನ, ಉತ್ತರ

ಧರ್ಮಸಭೆಯ ಅನುಮತಿಯ ವಿಷಯವೂ ಇಲ್ಲಿ ವಿಚಾರಾರ್ಹ. ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ೮೨೫ನೆಯ ವಿಧಿಯಂತೆ ಬೈಬಲಿನ ಪ್ರಕಟಣೆಗೆ ಪ್ರೇಷಿತ ಪೀಠದ ಅಥವಾ ಧರ್ಮಾಧ್ಯಕ್ಷರ ಮಂಡಳಿಯ ಅನುಮೋದನೆ ಬೇಕು. ಅದೇ ವಿಧಿ, ಮಂಡಳಿಯ ಅನುಮತಿಯೊಡನೆ ಇತರ ಕ್ರೈಸ್ತ ಸಹೋದರರ ಸಹಯೋಗದಲ್ಲಿ ಅನುವಾದಗಳನ್ನು ಸಿದ್ಧಪಡಿಸಲೂ ಅವಕಾಶ ನೀಡುತ್ತದೆ. ತಂತ್ರಾಂಶಕ್ಕೆ ಇದು ಹೇಗೆ ಅನ್ವಯಿಸುತ್ತದೆ? ನಾವು ಮೂರನ್ನು ಬೇರ್ಪಡಿಸಿ ನೋಡಬೇಕು. ಪಠ್ಯವು ಅನುಮೋದಿತವಾಗಿರಬೇಕು, ಒಂದಕ್ಷರವೂ ಬದಲಾಗದೆ ಓದುಗನನ್ನು ತಲುಪಬೇಕು. ಹುಡುಕಿ ತೋರಿಸುವ ಸಾಧನವು ಬಡಗಿಯ ಉಳಿಯಂತೆ. ಅದರಲ್ಲಿ ನಾವು ನೋಡಬೇಕಾದುದು ಕೆಲಸದ ಅಚ್ಚುಕಟ್ಟು. ಟಿಪ್ಪಣಿ, ವ್ಯಾಖ್ಯಾನಗಳು ಬೋಧನೆಯ ವರ್ಗಕ್ಕೆ ಸೇರಿದವು; ಅಲ್ಲಿ ಧರ್ಮಾಧ್ಯಕ್ಷರ ಪರಿಶೀಲನೆಗೆ ಅರ್ಥವಿದೆ. ೨೦೧೧ರಲ್ಲಿ ಅಮೆರಿಕದ ಕೆಲವು ಕತೋಲಿಕ ತರುಣರು ಪಾಪನಿವೇದನೆಯ ಸಿದ್ಧತೆಗೆಂದು ರಚಿಸಿದ ಆ್ಯಪಿಗೆ ಧರ್ಮಾಧ್ಯಕ್ಷ ಕೆವಿನ್ ರೋಡ್ಸ್ ಅವರು ಮುದ್ರಣಾನುಮತಿಯನ್ನು ನೀಡಿದ್ದರು. ಅದು ಸಂಸ್ಕಾರಕ್ಕೆ ಬದಲಿಯಲ್ಲವೆಂದು ವ್ಯಾಟಿಕನ್ನಿನ ವಕ್ತಾರರು ಕೂಡಲೇ ಸ್ಪಷ್ಟಪಡಿಸಿದ್ದರು. ಅನುಮತಿಯನ್ನು ಬೇಡುವ ವಿನಯ, ಕೊಡುವ ಔದಾರ್ಯ, ಮಿತಿಯನ್ನು ಹೇಳುವ ವಿವೇಕ ಮೂರೂ ಕೂಡಿದರೆ ಕೆಲಸ ಹೇಗೆ ಸಾಗುತ್ತದೆಂಬುದಕ್ಕೆ ಇದೊಂದು ಮಾದರಿ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ವಿವೇಕದ ಅಗತ್ಯ ಇಮ್ಮಡಿಸಿದೆ. ೨೦೨೪ರ ಏಪ್ರಿಲ್‌ನಲ್ಲಿ ಅಮೆರಿಕದ ‘ಕ್ಯಾಥೊಲಿಕ್ ಆನ್ಸರ್ಸ್’ ಸಂಸ್ಥೆ ಗುರುವಿನ ವೇಷದ ‘ಫಾದರ್ ಜಸ್ಟಿನ್’ ಎಂಬ ಗಣಕ ಪಾತ್ರವನ್ನು ಬಿಡುಗಡೆ ಮಾಡಿತು. ಅದು ಬಳಕೆದಾರನ ಪಾಪನಿವೇದನೆಯನ್ನು ಕೇಳಿ ಕ್ಷಮಾದಾನದ ಮಾತಾಡಿತೆಂದು ವರದಿಯಾಯಿತು. ಟೀಕೆಗಳು ಬಂದ ಕೆಲವೇ ದಿನಗಳಲ್ಲಿ ಸಂಸ್ಥೆಯು ಗುರುವಸ್ತ್ರವನ್ನು ತೆಗೆಸಿ ಅದನ್ನು ಬರಿಯ ‘ಜಸ್ಟಿನ್’ ಮಾಡಿತು. ೨೦೨೫ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ದಸ್ತಾವೇಜು ಮನುಷ್ಯನ ಬುದ್ಧಿಗೂ ಯಂತ್ರದ ಕ್ರಿಯೆಗೂ ಇರುವ ಅಂತರವನ್ನು ವಿವರಿಸಿದೆ. ವಚನವನ್ನು ತೋರಿಸುವ ತಂತ್ರಾಂಶ ಓದುಗನನ್ನು ಬೈಬಲಿನ ಬಳಿಗೆ ಕರೆದೊಯ್ಯುತ್ತದೆ. ಬೈಬಲಿನ ಹೆಸರಿನಲ್ಲಿ ತಾನೇ ಮಾತಾಡುವ ಯಂತ್ರ ಅವನನ್ನು ದಾರಿಯಲ್ಲೇ ನಿಲ್ಲಿಸಿಬಿಡಬಹುದು. ಒಂಟಿ ತಂತ್ರಾಂಶಕಾರನು ಹೆಣೆದ ಹಳೆಯ ಬಗೆಯ ಸರಳ ಸಾಧನದ ಬೆಲೆ ಈ ಕಾಲದಲ್ಲಿ ಹೆಚ್ಚಿದೆ ಎಂಬುದೇ ನಮ್ಮ ಅಭಿಪ್ರಾಯ.

ಎರಡು ವಚನಗಳ ನಡುವೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬೈಬಲ್ ತಂತ್ರಾಂಶ ಉಚಿತವಾಗಿರಬೇಕೆ? ಸಂತ ಮತ್ತಾಯನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹನ್ನೆರಡು ಮಂದಿಯನ್ನು ಕಳುಹಿಸುವಾಗ, ಎಂಟನೆಯ ವಚನದಲ್ಲಿ, ಪುಕ್ಕಟೆಯಾಗಿ ಪಡೆದುದನ್ನು ಪುಕ್ಕಟೆಯಾಗಿಯೇ ಕೊಡಬೇಕೆಂದು ಆಜ್ಞಾಪಿಸುತ್ತಾರೆ. ಉಚಿತ ತಂತ್ರಾಂಶಕ್ಕೆ ಆಧಾರವಾಗಿ ಎಲ್ಲರೂ ಈ ವಚನವನ್ನು ಎತ್ತಿ ಹೇಳುತ್ತಾರೆ. ಆದರೆ ಅಲ್ಲಿಂದ ಎರಡೇ ವಚನ ಮುಂದೆ, ಹತ್ತನೆಯದರಲ್ಲಿ, ದುಡಿಯುವವನು ತನ್ನ ಅನ್ನಕ್ಕೆ ಅರ್ಹನೆಂದೂ ಅವರೇ ಹೇಳುತ್ತಾರೆ. ಮೊದಲನೆಯ ಮಾತು ಕೊಡುವವನಿಗೆ. ಎರಡನೆಯದು ಪಡೆಯುವವರ ಹೊಣೆಯನ್ನು ನೆನಪಿಸುವಂಥದು. ಕೊಡುವವನು ತನ್ನ ಮಾತನ್ನು ಪಾಲಿಸಿದ್ದಾನೆ. ಪಡೆದವರಾದ ನಾವು ನಮ್ಮದನ್ನು ಪಾಲಿಸಿದ್ದೇವೆಯೇ?

ದೀಪದಿಂದ ದೀಪವನ್ನು ಹಚ್ಚಿದರೆ ಮೊದಲಿನ ದೀಪ ಕುಂದುವುದಿಲ್ಲ, ಅರಿವೂ ಹಾಗೆಯೇ. ಆದುದರಿಂದ ದೇವರ ವಾಕ್ಯಕ್ಕೆ ಬೆಲೆ ಕಟ್ಟುವುದು ಸಲ್ಲದು. ಆದರೆ ದೀಪಕ್ಕೆ ಎಣ್ಣೆ ಬೇಕು, ಎಣ್ಣೆಗೆ ಕಾಸು ಬೇಕು. ೧೮೯೧ರ ‘ರೇರುಮ್ ನೊವಾರುಮ್’ ವಿಶ್ವಪತ್ರವು ಶ್ರಮಿಕನ ನ್ಯಾಯವಾದ ಕೂಲಿಯನ್ನು ಎತ್ತಿಹಿಡಿಯಿತು. ೨೦೨೫ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಲಿಯೋ ಅವರು ಅದೇ ಪತ್ರವನ್ನು ಸ್ಮರಿಸಿ, ಕೃತಕ ಬುದ್ಧಿಮತ್ತೆಯ ಯುಗದಲ್ಲಿ ದುಡಿಮೆಯ ಘನತೆಯನ್ನು ಕಾಪಾಡುವ ಆಶಯದಿಂದ ಆ ಹೆಸರನ್ನು ಆರಿಸಿಕೊಂಡುದಾಗಿ ಕಾರ್ಡಿನಲರಿಗೆ ತಿಳಿಸಿದರು. ಆ ಘನತೆಯ ರಕ್ಷಣೆ ನಮ್ಮ ಧರ್ಮಕೇಂದ್ರದಿಂದಲೇ ಆರಂಭವಾಗಬೇಡವೇ?

ನಾವು ಮಾಡಬಹುದಾದುದು ಬೆಟ್ಟದಷ್ಟೇನಲ್ಲ. ಪ್ರತಿಯೊಂದು ಕುಟುಂಬವೂ ಇಂದೇ ತನ್ನ ಮೊಬೈಲಿನಲ್ಲಿರುವ ಬೈಬಲನ್ನು ತೆರೆದು ಗ್ರಂಥಗಳನ್ನು ಎಣಿಸಲಿ. ಟಿಪ್ಪಣಿಗಳು ಯಾರವೆಂದು ನೋಡಲಿ. ಬಳಸುವ ತಂತ್ರಾಂಶ ಉಚಿತವಾದುದಾದರೆ ವರ್ಷಕ್ಕೊಮ್ಮೆಯಾದರೂ ಅದರ ರಚನಕಾರರಿಗೆ ಯಥಾಶಕ್ತಿ ಕಾಣಿಕೆಯನ್ನು ಕಳುಹಿಸಲಿ. ಅವರು ಪ್ರೊಟೆಸ್ಟಂಟರಾದರೂ ಸರಿಯೇ, ಉಂಡ ಮನೆಯ ಋಣ ದೊಡ್ಡದು. ಧರ್ಮಕೇಂದ್ರದಲ್ಲಿ ಗಣಕವಿದ್ಯೆ ಬಲ್ಲ ಯುವಕ ಯುವತಿಯರಿದ್ದರೆ ಪಾಲನಾ ಮಂಡಳಿ ಅವರನ್ನು ಹಬ್ಬದ ಆಮಂತ್ರಣ ಪತ್ರಿಕೆಯ ವಿನ್ಯಾಸಕ್ಕಷ್ಟೇ ಕರೆಯದೆ ಈ ಸೇವೆಗೂ ಕರೆಯಲಿ. ನಿವೃತ್ತ ಕನ್ನಡ ಅಧ್ಯಾಪಕರು ಪಠ್ಯವನ್ನು ಓದಿ ತಿದ್ದುವ ಹೊಣೆಯನ್ನು ಹೊರಲಿ. ಹಕ್ಕುಗಳನ್ನು ಹೊಂದಿರುವವರು, ಲಾಭದ ಉದ್ದೇಶವಿಲ್ಲದ ತಂತ್ರಾಂಶಗಳಿಗೆ ಯಾವ ಷರತ್ತುಗಳ ಮೇಲೆ ಪಠ್ಯವನ್ನು ಕೊಡುವರೆಂದು ಬಹಿರಂಗವಾಗಿ ತಿಳಿಸಿದರೆ ಪ್ರಾಮಾಣಿಕನಾದ ತಂತ್ರಾಂಶಕಾರನು ಅರ್ಧ ದಾರಿ ಸವೆಸಿದಂತೆಯೇ. ಅವನೂ ಪಠ್ಯದ ಮೂಲವನ್ನು ಸ್ಪಷ್ಟವಾಗಿ ನಮೂದಿಸಲಿ, ಟಿಪ್ಪಣಿಯನ್ನು ಪಠ್ಯದೊಡನೆ ಬೆರೆಸದಿರಲಿ, ತನ್ನ ಬಳಿಕವೂ ಕೆಲಸ ಮುಂದುವರಿಯುವಂತೆ ಮೂಲ ಸಂಕೇತಗಳನ್ನು ತೆರೆದಿಡಲಿ.

ಬೈಬಲು ಕ್ರೈಸ್ತ ಭಕ್ತರೆಲ್ಲರಿಗೂ ಸುಲಭವಾಗಿ ದೊರೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ಸಾರಿತು. ಅರವತ್ತು ವರ್ಷಗಳ ಬಳಿಕ ಸುಲಭವೆಂಬ ಶಬ್ದಕ್ಕೆ ಅಂಗೈಯಲ್ಲಿ ದೊರೆಯುವುದು ಎಂಬ ಅರ್ಥ ಬಂದಿದೆ. ನಮ್ಮ ಮಕ್ಕಳ ಅಂಗೈಗೆ, ಅವರ ತಾಯ್ನುಡಿಯಲ್ಲಿ, ಎಪ್ಪತ್ತಮೂರು ಗ್ರಂಥಗಳೂ ಸೇರಿದ ಬೈಬಲು ಬರಬೇಕಾದರೆ ಯಾರೋ ಒಬ್ಬರು ರಾತ್ರಿ ಎಚ್ಚರವಾಗಿರಬೇಕು. ಆ ಒಬ್ಬರು ನಮ್ಮ ಮನೆಯ ಮಗನೋ ಮಗಳೋ ಆಗಿದ್ದರೆ, ಅವರ ಬೆನ್ನು ತಟ್ಟುವ ಮೊದಲ ಕೈ ತಂದೆತಾಯಿಯರದ್ದಾಗಲಿ, ಎರಡನೆಯದು ಧರ್ಮಕೇಂದ್ರದ್ದಾಗಲಿ.